ತಡವಾಗಿ ಬಂದವಳು

ರೆಮೊಲಿನೊ
8 ಫೆಬ್ರವರಿ 2001

ತಂಗಿ ಫ್ಲೋರಾಲ್ಬಾ,

ಈ ಕಾಗದವನ್ನು ಕೂತು ಓದು. ನಿಂತುಕೊಂಡು ಓದಬೇಡ.

ಮಂಗಳವಾರ ನಮ್ಮ ಎಡಿಲ್ಸನ್‌ನನ್ನು ಹಿಡಿದುಕೊಂಡು ಹೋದರು. ಯಾರು ಎಂದು ಕೇಳಬೇಡ, ನಿನಗೆ ಗೊತ್ತು. ನಾಲ್ಕು ಬೈಕುಗಳಲ್ಲಿ ಬಂದಿದ್ದರು. ಹೋದ ತಿಂಗಳು ಗುಡ್ಡದ ಕಡೆಯ ಬಂಡುಕೋರರು ದೋಣಿಯ ಎಂಜಿನ್ ತಂದು ರಿಪೇರಿ ಮಾಡು ಎಂದಿದ್ದರು. ಇವನು ಮಾಡಿಕೊಟ್ಟಿದ್ದ. ಆಗುವುದಿಲ್ಲ ಎಂದಿದ್ದರೆ ಅವರು ಕೊಲ್ಲುತ್ತಿದ್ದರು. ಮಾಡಿಕೊಟ್ಟದ್ದಕ್ಕೆ ಊರು ಹಿಡಿದು ಕೂತ ಈ ಬಂದೂಕಿನವರು ಬಂದರು. ಶಾಲೆಯ ದಾರಿಯಿಂದ ಅಟ್ಟಿಸಿಕೊಂಡು ಬಂದರಂತೆ, ಬಾಳೆತೋಟದ ಹತ್ತಿರ ಸಿಕ್ಕಿದನಂತೆ. ನಾನು ಆಗ ಮನೆಯಲ್ಲಿರಲಿಲ್ಲ. ಹೊಳೆಯ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದೆ. ಬಂದು ನೋಡಿದರೆ ಎಲ್ಲ ಮುಗಿದಿತ್ತು.

ಎಂಟು ವರ್ಷದ ಮಗನನ್ನು ನನ್ನ ಕೈಗೆ ಕೊಟ್ಟು ನಗರಕ್ಕೆ ಕೆಲಸಕ್ಕೆ ಹೋದೆ. ಹತ್ತೊಂಬತ್ತು ತುಂಬುವವರೆಗೆ ನೋಡಿಕೊಂಡೆ. ಪ್ರಭುವಿನ ಮುಂದೆ ಮೊಣಕಾಲೂರಿದ್ದೇನೆ. ನೀನೂ ಊರು.

ಅಕ್ಕ
ಒಬ್ದೂಲಿಯಾ

•

ಕಾಲಿ ನಗರ
14 ಫೆಬ್ರವರಿ 2001

ಅಕ್ಕಾ,

ಬಸ್ಸಿನ ಡ್ರೈವರ್ ಕಾಗದ ಕೊಟ್ಟಾಗ ಇಸ್ತ್ರಿ ಕೋಣೆಯಲ್ಲಿದ್ದೆ. ಹೋಟೆಲಿನವರ ಒಂದು ಹಾಸಿಗೆ ಹೊದಿಕೆ ಸುಟ್ಟುಹೋಯಿತು. ಹೋಗಲಿ.

ಮೊಣಕಾಲೂರಿ ಆಮೇಲೆ ಕೂತುಕೊಳ್ಳೋಣ. ಮೊದಲು ಎದ್ದು ಹೋಗು. ದಾರಿ ತಿರುವಿನಲ್ಲಿ ಅವರ ಠಾಣೆ ಇದೆಯಲ್ಲ, ಅಲ್ಲಿಗೆ ಹೋಗು. ಹುಡುಗ ಎಲ್ಲಿ ಎಂದು ಕೇಳು. ಕಾಲು ಹಿಡಿ. ಮುದುಕಿ ಎಂದು ಬಿಟ್ಟಾರು. ಇಲ್ಲಿನ ಎಲ್ಲ ಕಚೇರಿಗಳ ಬಾಗಿಲಿಗೂ ನಾನು ಹೋಗಿಬಂದೆ. ಬರೆದುಕೊಳ್ಳುತ್ತಾರೆ, ತಲೆ ಎತ್ತುವುದಿಲ್ಲ.

ಒಂದು ಮಾತು. ನೀನು ಬಟ್ಟೆ ಒಗೆಯುವುದು ಶನಿವಾರ. ನನಗೆ ಬುದ್ಧಿ ಬಂದಾಗಿನಿಂದ ಶನಿವಾರ. ಆವತ್ತು ಮಂಗಳವಾರ ಯಾಕೆ ಒಗೆಯಲು ಹೋದೆ?

ಫ್ಲೋರಾಲ್ಬಾ

•

ರೆಮೊಲಿನೊ
11 ಮಾರ್ಚ್ 2001

ತಂಗಿ ಫ್ಲೋರಾಲ್ಬಾ,

ಠಾಣೆಯ ತಿರುವಿನವರೆಗೆ ಮೂರು ಸಲ ಹೋದೆ. ಮೂರು ಸಲವೂ ಅವರ ನಾಯಿ ಬೊಗಳಿದ ಕೂಡಲೇ ಹಿಂದಿರುಗಿದೆ. ಸುಳ್ಳು ಹೇಳಿ ಏನು ಮಾಡಲಿ? ನಾನು ಹುಟ್ಟು ಪುಕ್ಕಲಿ. ಚಿಕ್ಕಂದಿನಲ್ಲಿ ಹೆಣವಿದ್ದ ಬೀದಿಯಲ್ಲಿ ನಾನು ನಡೆಯುತ್ತಿರಲಿಲ್ಲ, ನೀನು ಕೈ ಹಿಡಿದು ಸುತ್ತು ದಾರಿಯಲ್ಲಿ ಕರೆದುಕೊಂಡು ಹೋಗುತ್ತಿದ್ದೆ.

ಈಗ ಹೆಣಗಳು ಹೊಳೆಯಲ್ಲೇ ಬರುತ್ತಿವೆ. ಮೇಲಿನಿಂದ ಎಲ್ಲಿಂದಲೋ. ನಮ್ಮ ಊರಿನ ಮುಂದೆ ಹೊಳೆ ತಿರುಗಿ ಸುಳಿಯಾಗುತ್ತದಲ್ಲ, ಅಲ್ಲಿ ಬಂದು ನಿಲ್ಲುತ್ತವೆ. ಬಂದೂಕಿನವರು ಇಗರ್ಜಿಯ ಮುಂದೆ ಎಲ್ಲರನ್ನೂ ನಿಲ್ಲಿಸಿ ಹೇಳಿದರು: ಯಾರೂ ಎತ್ತಬಾರದು, ಯಾರೂ ಹೂಳಬಾರದು, ಯಾರ ಮನೆಯ ದಂಡೆಗೆ ತಾಗುತ್ತದೋ ಅವರು ಗಳ ಹಾಕಿ ಮುಂದಕ್ಕೆ ನೂಕಬೇಕು. ಪಾದ್ರಿಗಳು ಎದುರು ಮಾತಾಡಿದರು. ಮಾರನೆಯ ದಿನವೇ ಊರು ಬಿಡಬೇಕಾಯಿತು.

ಹೋದ ಗುರುವಾರ ಒಂದು ಬಂದು ನಮ್ಮ ಒಗೆಯುವ ಕಲ್ಲಿಗೆ ತಾಗಿತು. ಬೋರಲಾಗಿತ್ತು. ನೂಕಿದೆ. ಗಳ ಒಂದು ಸಲ ಜಾರಿತು, ಮತ್ತೆ ನೂಕಿದೆ. ಹೋಯಿತು. ಮುಖ ನೋಡಲಿಲ್ಲ.

ಆವತ್ತಿನಿಂದ ಅನ್ನ ಸೇರುವುದಿಲ್ಲ. ಬೆಲ್ಲದ ನೀರು ಕುಡಿದುಕೊಂಡಿದ್ದೇನೆ.

ಒಬ್ದೂಲಿಯಾ

•

ಕಾಲಿ ನಗರ
19 ಮಾರ್ಚ್ 2001

ಒಬ್ದೂಲಿಯಾಳಿಗೆ,

ಮುಖ ನೋಡಲಿಲ್ಲ ಎಂದು ಬರೆಯಲು ನಿನ್ನ ಕೈ ಹೇಗೆ ಬಂತು?

ಎಡಿಲ್ಸನ್ ತೊಟ್ಟಿದ್ದು ನಾನು ಕ್ರಿಸ್‌ಮಸ್‌ಗೆ ಹೊಲಿದು ಕಳಿಸಿದ ಪ್ಯಾಂಟೋ ಅಲ್ಲವೋ? ಹಿಂದಿನ ಜೇಬಿಗೆ ಕೆಂಪು ದಾರದಲ್ಲಿ ಎರಡು ಹೊಲಿಗೆ ಹಾಕಿದ್ದೆ. ಬೋರಲಾಗಿದ್ದರೆ ಹಿಂದಿನ ಜೇಬು ಮೇಲೇ ಇರುತ್ತದೆ. ನೋಡಬಹುದಾಗಿತ್ತು. ಕಣ್ಣು ಮುಚ್ಚಿಕೊಂಡು ನೂಕಿದೆಯಾ? ಜಪಸರ ಹಿಡಿದುಕೊಂಡು ನೂಕಿದೆಯಾ?

ನೀನು ನೂಕಿದ್ದು ಯಾರ ಮಗ? ನನ್ನವನಲ್ಲದಿದ್ದರೆ ಇನ್ನೊಬ್ಬಳವನು. ಇಲ್ಲಿ ಚೌಕದಲ್ಲಿ ಪ್ರತಿ ಶುಕ್ರವಾರ ತಾಯಂದಿರು ಫೋಟೋ ಹಿಡಿದು ನಿಲ್ಲುತ್ತಾರೆ. ನಾನೂ ನಿಲ್ಲುತ್ತೇನೆ. ಅವರಲ್ಲಿ ಯಾರಿಗೆ ಹೇಳಲಿ, ನಿಮ್ಮ ಮಗನನ್ನು ನನ್ನ ಅಕ್ಕ ಕೋಲಿನಲ್ಲಿ ತಿವಿದು ಕಳಿಸಿದಳು ಎಂದು?

ಮಂಗಳವಾರದ ಪ್ರಶ್ನೆಗೆ ಉತ್ತರ ಬರೆದಿಲ್ಲ. ಅದನ್ನು ಬರೆಯುವುದಿದ್ದರೆ ಬರೆ. ಇಲ್ಲದಿದ್ದರೆ ಬೇಡ.

ಫ್ಲೋರಾಲ್ಬಾ

•

ರೆಮೊಲಿನೊ
29 ಏಪ್ರಿಲ್ 2001

ಫ್ಲೋರಾಲ್ಬಾ,

ಈಗ ಬರೆಯುತ್ತೇನೆ. ಆರು ವಾರ ತಡವಾಯಿತು.

ನಾನು ಹೊಳೆಯ ಹತ್ತಿರ ಇರಲಿಲ್ಲ, ಮನೆಯಲ್ಲೇ ಇದ್ದೆ. ಮಧ್ಯಾಹ್ನ. ಬಾಳೆಕಾಯಿ ಕರಿಯುತ್ತಿದ್ದೆ. ಬೈಕಿನ ಸದ್ದು ಕೇಳಿದ ಕೂಡಲೇ ಬಾಗಿಲಿಗೆ ಚಿಲಕ ಹಾಕಿದೆ. ಅಷ್ಟರಲ್ಲಿ ಯಾರೋ ಓಡಿಬಂದು ಬಾಗಿಲಿಗೆ ಮೈ ಅಪ್ಪಳಿಸಿದರು. ಅವನೇ. "ದೊಡ್ಡಮ್ಮಾ, ಬಾಗ್ಲು!" ಎಂದ. ನನ್ನ ಕೈ ಚಿಲಕದ ಮೇಲಿತ್ತು. ತೆಗೆಯಲು ಹೋದೆ, ಕೈ ಏಳಲಿಲ್ಲ. ಫ್ಲೋರಾಲ್ಬಾ, ಅದು ಬೇರೆ ಯಾರದೋ ಕೈಯ ಹಾಗಿತ್ತು. "ದೊಡ್ಡಮ್ಮಾ, ಒಳಗಿದ್ದೀಯ ಅಂತ ಗೊತ್ತು, ಎಣ್ಣೆ ವಾಸ್ನೆ ಬರ್ತಿದೆ," ಎಂದ. ಹಲಗೆಯ ಆಚೆ ಅವನ ಉಸಿರು ಕೇಳುತ್ತಿತ್ತು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಬೈಕುಗಳು ಹತ್ತಿರಾದವು. ಆಗ ಅವನು ದನಿ ತಗ್ಗಿಸಿ ಹೇಳಿದ: "ಸರಿ ದೊಡ್ಡಮ್ಮಾ. ತೆಗೀಬೇಡ. ಸುಮ್ನಿರು." ಹಾಗೆಂದು ಬಾಳೆತೋಟದ ಕಡೆ ಓಡಿದ. ಬೈಕುಗಳು ನನ್ನ ಮನೆ ದಾಟಿ ಅವನ ಹಿಂದೆ ಹೋದವು.

ಬಾಣಲೆಯಲ್ಲಿ ಬಾಳೆಕಾಯಿ ಕರಕಲಾಗಿತ್ತು. ಅದನ್ನು ತೆಗೆದೆ. ಬಾಗಿಲು ತೆಗೆದದ್ದು ಸಂಜೆ.

ಇದಕ್ಕೆ ನೀನು ಏನು ಬರೆದರೂ ಓದುತ್ತೇನೆ.

ಇನ್ನೊಂದು ವಿಷಯವನ್ನೂ ಹೇಳಬೇಕು. ಕ್ಷಮೆ ಕೇಳುವುದಕ್ಕೆ ಹೇಳುತ್ತಿಲ್ಲ. ನಡೆದದ್ದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ಶುಭ ಶುಕ್ರವಾರ ಪಾದ್ರಿಗಳಿಲ್ಲದೆ ನಾವೇ ಇಗರ್ಜಿಯಲ್ಲಿ ಸೇರಿದೆವು. ಮೀನುಗಾರ ದೋನ್ ಅನ್ಸೆಲ್ಮೊ, ಮೂಗಿನ ಮೇಲಿನ ಕನ್ನಡಕಕ್ಕೆ ಬಲೆದಾರ ಕಟ್ಟಿಕೊಂಡ ಮುದುಕ, ಪ್ರಭು ಸತ್ತ ಕಥೆ ಓದಿದ. ಅರವತ್ತೊಂದು ವರ್ಷ ಕೇಳಿದ ಕಥೆ. ಈ ಸಲ ಒಂದು ಸಾಲು ಕಿವಿಗೆ ಬಿದ್ದು ಅಲ್ಲೇ ಕೂತುಬಿಟ್ಟಿತು. ಹೊರಗೆ ಬಂದಮೇಲೆ ಅವನನ್ನು ತಡೆದು ಕೇಳಿದೆ.

"ಪ್ರಭುವಿನ ಹೆಣ ಕೇಳೋಕೆ ಅಧಿಕಾರಿ ಹತ್ರ ಹೋದನಲ್ಲ, ಅವನ ಹೆಸರೇನು?"

"ಯಾವ್ದೋ ಊರಿನ ಹೆಸ್ರು ಇದೆ ಕಣಮ್ಮ ಅದ್ರಲ್ಲಿ. ಯಾಕೆ?"

"ಅವನೂ ಹೆದ್ರಿದ್ದ ಅಂತ ಓದಿದಿರಿ."

"ಹ್ಞೂ. ಗುಟ್ಟಾಗಿ ಶಿಷ್ಯ ಆಗಿದ್ದ. ಅವ್ರು ಬದುಕಿದ್ದಾಗ ಬಾಯಿ ಬಿಡ್ಲಿಲ್ಲ. ಶಿಲುಬೆಗೆ ಹಾಕ್ಬೇಕಾದ್ರೂ ಬಿಡ್ಲಿಲ್ಲ. ಎಲ್ಲ ಮುಗಿದ್ಮೇಲೆ ಬಂದ."

"ಬಂದನಲ್ಲ."

ಅವನು ಕನ್ನಡಕ ತೆಗೆದು ನನ್ನನ್ನೇ ನೋಡಿದ. "ಬಂದ," ಎಂದ.

ಪ್ರಭು ಅವನಿಗೆ ಈಗ ಯಾಕೆ ಬಂದೆ, ಹೋಗು ಎನ್ನಲಿಲ್ಲ. ಆ ಪುಕ್ಕಲನ ಕೈಯಲ್ಲೇ ಶಿಲುಬೆಯಿಂದ ಇಳಿಸಿಕೊಂಡ, ಅವನು ಕೊಟ್ಟ ಬಟ್ಟೆಯಲ್ಲೇ ಸುತ್ತಿಸಿಕೊಂಡ. ಆ ವಾರವಿಡೀ ಒಲೆಯ ಮುಂದೆ ಕೂತು ನಾನು ಪ್ರಭುವಿನ ಹತ್ತಿರ ಜಗಳವಾಡಿದೆ: ನನಗೆ ಧೈರ್ಯ ಕೊಡು, ಆಮೇಲೆ ಹೋಗುತ್ತೇನೆ. ಕೊಡಲಿಲ್ಲ. ಈಸ್ಟರ್ ಕಳೆದ ಶನಿವಾರ ಸುಳಿಗೆ ಒಂದು ಹೆಣ ಬಂತು. ಹಳದಿ ರವಿಕೆ. ಹೆಂಗಸು. ಅವನು ಧೈರ್ಯ ಕೊಡುವುದಿಲ್ಲ, ಹೋದರೆ ಜೊತೆಗೆ ಬರುತ್ತಾನೆ ಅಷ್ಟೇ ಎಂದು ಆಗ ಗೊತ್ತಾಯಿತು.

ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೀರಿಗಿಳಿದೆ. ಅನ್ಸೆಲ್ಮೊ ಅದರ ತುದಿ ಹಿಡಿದ. ಬೈದುಕೊಂಡೇ ಹಿಡಿದ. "ನಿನ್ನ ತೂಕಕ್ಕೆ ಹಗ್ಗ ತಡ್ಕೊಳ್ಳುತ್ತೆ ಕಣಮ್ಮ, ನನ್ನ ಸೊಂಟ ತಡ್ಕೊಳ್ಳಲ್ಲ. ಹೊಳೆ ದಂಡೇಲಿ ಹುಟ್ಟಿ ಈಜು ಬರದೋಳು ನೀನೊಬ್ಳೇ!" ನೀರು ಎದೆಗೆ ಬಂದಾಗ ಭಯಕ್ಕೆ ಉಚ್ಚೆ ಹೋಯಿತು. ನೀರಿನಲ್ಲಿದ್ದುದರಿಂದ ಯಾರಿಗೂ ಕಾಣಲಿಲ್ಲ. ನಮೋ ಮರಿಯೆ ಪ್ರಾರ್ಥನೆ ಹೇಳಲು ಹೋದರೆ ಅರ್ಧಕ್ಕೇ ಮರೆತುಹೋಯಿತು. ಕೈ ಚಾಚಿ ಅವಳ ಕೈ ಹಿಡಿದೆ. ತಣ್ಣಗಿತ್ತು. ಮಗುವಿನ ಕೈಯಂತೆ ಮೆತ್ತಗಿತ್ತು.

ಇಗರ್ಜಿ ಹಿಂದಿನ ದಿಬ್ಬದಲ್ಲಿ ಹೂತೆವು. ಹೂಳುವ ಮೊದಲು ತೊಳೆದೆ, ಏನೇನು ಕಂಡಿತೋ ನೋಟುಪುಸ್ತಕದಲ್ಲಿ ಬರೆದಿಟ್ಟೆ. ಇಪ್ಪತ್ತು ದಾಟಿದವಳು. ಮುಂದಿನ ಒಂದು ಹಲ್ಲು ತುಸು ಮುರಿದಿದೆ. ಹಳದಿ ರವಿಕೆಯ ಎಡತೋಳಿನ ಕಂಕುಳಲ್ಲಿ ನೀಲಿ ಬಟ್ಟೆಯ ತೇಪೆ, ಒಳಗಿನಿಂದ ಹಾಕಿದ್ದು, ಸಣ್ಣ ಸಣ್ಣ ಅಡ್ಡ ಹೊಲಿಗೆ.

ಹೂತಮೇಲೆ ಮನೆಗೆ ಬಂದು ವಾಂತಿ ಮಾಡಿಕೊಂಡೆ.

ಒಬ್ದೂಲಿಯಾ

•

ಕಾಲಿ ನಗರ
2 ಜುಲೈ 2001

ಎಡಗಾಲಿನ ಮೊಣಕಾಲಿನ ಕೆಳಗೆ ಪಟ್ಟಿಯಂಥ ಗಾಯದ ಗುರುತು. ಏಳು ವರ್ಷದವನಿದ್ದಾಗ ದೋಣಿಯ ಮೊಳೆ ತಾಗಿದ್ದು. ಬಲಗೈ ಹೆಬ್ಬೆರಳಿನ ಉಗುರು ಸೀಳು. ಹಾಗೆ ಯಾರಾದರೂ ಬಂದಿದ್ದಾರಾ? ಬಂದಿದ್ದಾರೆ, ಇಲ್ಲ, ಅಷ್ಟೇ ಬರೆ.

ಪ್ರಭುವಿನ ಹೆಸರನ್ನು ನನಗೆ ಬರೆಯುವ ಕಾಗದದಲ್ಲಿ ಹಾಕಬೇಡ. ನೀನು ಬಾಗಿಲ ಹಿಂದೆ ನಿಂತಿದ್ದಾಗ ಅವನು ಯಾವ ಕಡೆ ನಿಂತಿದ್ದ?

ಫ್ಲೋರಾಲ್ಬಾ

•

ರೆಮೊಲಿನೊ
12 ಆಗಸ್ಟ್ 2001

ಫ್ಲೋರಾಲ್ಬಾ,

ಇಲ್ಲ. ಇವತ್ತಿನವರೆಗೆ ಏಳು ಮಂದಿ ಬಂದರು. ಏಳೂ ಎಡಗಾಲು ನೋಡಿದೆ.

ಅಷ್ಟೇ ಬರೆ ಎಂದೆ. ಆದರೆ ಇದು ನಿನಗೆ ತಿಳಿದಿರಲಿ, ನನಗೇನಾದರೂ ಆದರೆ.

ಹೋದ ಬುಧವಾರ ಬೆಳಿಗ್ಗೆ ಅವರ ಕಮಾಂಡರ್ ಮನೆಗೆ ಬಂದ. ಮೂವತ್ತರ ಒಳಗಿನವನು, ನೀಟಾಗಿ ಬಾಚಿದ ತಲೆ. ಬೂಟಿನ ಮಣ್ಣು ಹೊಸ್ತಿಲಿಗೆ ಒರೆಸಿಕೊಂಡು ಒಳಗೆ ಬಂದು ಕಾಫಿ ಕೇಳಿದ. ಕೊಟ್ಟೆ.

"ದೊಡ್ಡಮ್ಮಾ, ಮೀನು ಹಿಡೀತಿದ್ದೀರಂತೆ?"

ದೊಡ್ಡಮ್ಮಾ ಎಂದ. ಅದೇ ಶಬ್ದ.

"ನಂಗೆ ಈಜೇ ಬರಲ್ಲಪ್ಪ. ಮೀನೆಲ್ಲಿ ಹಿಡೀಲಿ?"

"ಹೊಳೇದು ಹೊಳೆಗೆ ಬಿಟ್ಬಿಡಿ."

"ಹೊಳೇದಾಗಿದ್ರೆ ಬಿಡ್ತಿದ್ದೆ. ಅವ್ರಿಗೆ ತಾಯಂದ್ರಿದ್ದಾರೆ."

ಅವನು ನಕ್ಕ. "ನಿಮಗೆ ನಮ್ಮನ್ನ ಕಂಡ್ರೆ ಭಯ ಇಲ್ವಾ?"

"ಇದೆಯಪ್ಪ. ನೋಡು." ಮತ್ತಷ್ಟು ಕಾಫಿ ಹಾಕಲು ಹಿಡಿದ ಪಾತ್ರೆ ನಡುಗಿ ಅವನ ಪ್ಯಾಂಟಿನ ಮೇಲೆ ಚೆಲ್ಲಿತು. "ನಿನ್ನ ಬೈಕಿನ ಸದ್ದು ಕೇಳಿದ್ರೆ ಮಂಚದ ಕೆಳಗೆ ನುಗ್ಗೋಣ ಅನ್ಸತ್ತೆ. ಆದ್ರೆ ಇನ್ನೊಬ್ಬನಿಗೆ ಉತ್ತರ ಹೇಳ್ಬೇಕಲ್ಲ."

"ಯಾರಿಗೆ?"

ಗೋಡೆಯ ಮೇಲಿನ ಯೇಸುವಿನ ಪಟ ತೋರಿಸಿದೆ. ಅವನು ತಲೆ ಬಗ್ಗಿಸಿ ಶಿಲುಬೆ ಗುರುತು ಹಾಕಿಕೊಂಡ. ತಮಾಷೆಗಲ್ಲ, ನಿಜವಾಗಿ. ಅದನ್ನು ನೋಡಿ ನನಗೆ ಇನ್ನೂ ಹೆಚ್ಚು ಭಯವಾಯಿತು.

"ನಿಮ್ಮ ಮೈ ಮುಟ್ಟಲ್ಲ ನಾನು," ಎಂದ, ಏಳುತ್ತಾ. "ನಮ್ಮಮ್ಮನೂ ನಿಮ್ಮ ವಯಸ್ಸಿನೋಳೇ. ಅಂದ ಹಾಗೆ ಹಗ್ಗ ಹಿಡಿಯೋರು ಯಾರು?"

"ಯಾರೂ ಇಲ್ಲ. ಸೀಬೆ ಮರಕ್ಕೆ ಕಟ್ತೀನಿ."

"ಹೌದಾ," ಎಂದ. ಕಾಫಿ ಚೆನ್ನಾಗಿತ್ತು ಎಂದು ಹೇಳಿ ಹೋದ.

ಸಂಜೆ ಅನ್ಸೆಲ್ಮೊನಿಗೆ ಹೇಳಿದೆ, ಇನ್ನು ಬರಬೇಡ ಎಂದು. "ನೀನು ಒಬ್ಳೇ ಮುಳುಗಿದ್ರೆ ನಿನ್ನನ್ನ ಎತ್ತೋಕೆ ನಾನು ಇಳೀಬೇಕಾಗತ್ತೆ. ನಂಗೆ ಶೀತ ಆಗಿಬರಲ್ಲ," ಎಂದ.

ಒಬ್ದೂಲಿಯಾ

•

ಕಾಲಿ ನಗರ
10 ಸೆಪ್ಟೆಂಬರ್ 2001

ಒಬ್ದೂಲಿಯಾಳಿಗೆ,

ಚೌಕದಲ್ಲಿ ನನ್ನ ಪಕ್ಕ ನಿಲ್ಲುವವಳು ಎಲ್ವಿಯಾ. ಮಗಳು ಯಾನೆತ್ ಶಾಲೆಯಲ್ಲಿ ಕಲಿಸುತ್ತಿದ್ದಳು, ಹೋದ ಏಪ್ರಿಲ್‌ನಲ್ಲಿ ಬಸ್ಸಿನಿಂದ ಇಳಿಸಿಕೊಂಡರು. ಹೋದ ಶುಕ್ರವಾರ ಅವಳ ಚೀಲದ ಹಿಡಿ ಹರಿದಿತ್ತು, ಅಲ್ಲೇ ಕೂತು ಹೊಲಿದಳು. ಒಳಗಿನಿಂದ, ಸಣ್ಣ ಸಣ್ಣ ಅಡ್ಡ ಹೊಲಿಗೆ. ಹನ್ನೊಂದು ವರ್ಷ ಬಟ್ಟೆಯ ಜೊತೆ ಬದುಕಿದವಳು ನಾನು. ಒಬ್ಬರ ಹೊಲಿಗೆ ಇನ್ನೊಬ್ಬರಿಗೆ ಬರುವುದಿಲ್ಲ.

ಮಗಳ ರವಿಕೆ ಯಾವ ಬಣ್ಣ ಎಂದು ಕೇಳಿದೆ. ಹಳದಿ ಎಂದಳು. ತೇಪೆ? ನೀಲಿ. ಹಲ್ಲು? ಅವಳು ನನ್ನ ತೋಳು ಹಿಡಿದುಕೊಂಡಳು.

ನಿನ್ನ ಕಾಗದದ ಆ ಭಾಗವನ್ನು ಮಾತ್ರ ಓದಿ ಹೇಳಿದೆ. ಅವಳು ಅಳಲಿಲ್ಲ. "ತೊಳೆದ್ರಾ? ತೊಳೆದು ಹೂತ್ರಾ?" ಎಂದು ಮತ್ತೆ ಮತ್ತೆ ಕೇಳಿದಳು. ಹೌದು ಎಂದೆ. "ಯಾರಮ್ಮ ಆ ಪುಣ್ಯಾತ್ಗಿತ್ತಿ?" ಎಂದು ನನ್ನ ಎರಡೂ ಕೈಗಳಿಗೆ ಮುತ್ತಿಟ್ಟಳು.

ಊರಿನವಳೊಬ್ಬಳು ಎಂದೆ. ಅಕ್ಕ ಎನ್ನಲಿಲ್ಲ. ಮನೆಗೆ ಬಂದು ಸಾಬೂನು ಹಾಕಿ ಕೈ ತೊಳೆದುಕೊಂಡೆ. ನಿನಗೆ ಸೇರಬೇಕಾದ ಮುತ್ತು ನನಗೆ ಬೇಡ. ನಿನಗೂ ಅದನ್ನು ಕಳಿಸುವುದಿಲ್ಲ.

ಫ್ಲೋರಾಲ್ಬಾ

•

ರೆಮೊಲಿನೊ
21 ಅಕ್ಟೋಬರ್ 2001

ಫ್ಲೋರಾಲ್ಬಾ,

ಅನ್ಸೆಲ್ಮೊನನ್ನು ಕೊಂದರು.

ಸೋಮವಾರ ಬಲೆ ಹಾಕಲು ಹೋದವನು ಬರಲಿಲ್ಲ. ಮಂಗಳವಾರ ಬೆಳಿಗ್ಗೆ ಬಂದೂಕಿನವನೊಬ್ಬ ನನ್ನ ಬೇಲಿಯ ಹತ್ತಿರ ಬೈಕು ನಿಲ್ಲಿಸಿ, "ಕಮಾಂಡರ್ ಹೇಳಿ ಕಳಿಸಿದ್ದಾರೆ, ಇವತ್ತು ನಿಮಗೊಂದು ದೊಡ್ಡ ಮೀನು ಬರತ್ತೆ," ಎಂದು ಹೋದ. ಹನ್ನೊಂದು ಗಂಟೆಗೆ ಬಂತು. ಕನ್ನಡಕದ ದಾರ ಇನ್ನೂ ಕತ್ತಿನಲ್ಲಿತ್ತು.

ದಂಡೆಯ ಮೇಲೆ ಊರೆಲ್ಲ ನಿಂತಿತ್ತು. ಯಾರೂ ಹಗ್ಗ ಮುಟ್ಟಲಿಲ್ಲ. ನಾನು ಅವರನ್ನು ಬೈಯುವುದಿಲ್ಲ, ಅವರ ಜಾಗದಲ್ಲಿ ನಾನೂ ನಿಂತಿದ್ದವಳೇ. ಸೀಬೆ ಮರಕ್ಕೆ ಕಟ್ಟಿ ಇಳಿದೆ. ಹಗ್ಗ ಎರಡು ಮಾರು ಸಾಲದಾಯಿತು. ಅವನು ಅಲ್ಲಿ ಸುತ್ತುತ್ತಿದ್ದ, ಬೆರಳು ಚಾಚಿದರೆ ಅಂಗಿ ತಾಗಿ ತಾಗಿ ಜಾರುತ್ತಿತ್ತು. ಇನ್ನೊಂದು ಸುತ್ತಿಗೆ ಹೊಳೆಯ ನಡುವಿನ ಸೆಳೆತ ಎಳೆದುಕೊಳ್ಳುವುದರಲ್ಲಿತ್ತು.

ನಾನು ಸೊಂಟದ ಗಂಟು ಬಿಚ್ಚಿದೆ.

ಧೈರ್ಯದಿಂದ ಬಿಚ್ಚಲಿಲ್ಲ. ಹಲ್ಲು ಕಟಕಟ ಎನ್ನುತ್ತಿತ್ತು. "ಪ್ರಭುವೇ, ನಂಗೆ ಈಜು ಬರಲ್ಲ ಅಂತ ನಿಂಗೆ ಗೊತ್ತು," ಎಂದಷ್ಟೇ ಹೇಳಿದೆ. ನಿನ್ನ ಕಾಗದದಲ್ಲಿ ಅವನ ಹೆಸರು ಬಂತು, ಮನ್ನಿಸು. ಕಾಲು ನೆಲ ಬಿಟ್ಟಿತು. ಬಾಯಿಗೆ ನೀರು ಬಂತು. ಎರಡೂ ಕೈಯಿಂದ ಅವನನ್ನು ತಬ್ಬಿಕೊಂಡೆ. ಅವನು ತೇಲುತ್ತಿದ್ದ, ನಾನು ಅವನ ಮೇಲೆ ತೇಲಿದೆ. ಸುಳಿ ಇಬ್ಬರನ್ನೂ ಒಂದು ಸುತ್ತು ಸುತ್ತಿಸಿ ಕೆಳಗಿನ ಮರಳಿಗೆ ತಂದು ಹಾಕಿತು. ಶೀತ ಆಗಿಬರಲ್ಲ ಎಂದಿದ್ದವನು ಕೊನೆಗೆ ನನ್ನನ್ನು ದಡಕ್ಕೆ ತಂದ.

ಅವನ ಹೆಂಡತಿ ಪಾಸ್ತೋರಾ ಬಂದಳು. ನಾನು ತೊಳೆಯಲು ಬಟ್ಟೆ ತೆಗೆದುಕೊಂಡೆ. ಕಿತ್ತುಕೊಂಡಳು. "ನಿನ್ ಪುಣ್ಯದ ಗಂಟಿಗೆ ನನ್ ಗಂಡನೇ ಬೇಕಿತ್ತೇನೇ?" ಎಂದಳು. "ಮನೆ ಮಗನಿಗೆ ಬಾಗ್ಲು ತೆಗೀದೋಳು ಊರ ಹೆಣಕ್ಕೆ ಸಂತಳಾಗ್ತಾಳೆ!" ಮುಖಕ್ಕೆ ಉಗಿದಳು. ಒರೆಸಿಕೊಳ್ಳಲಿಲ್ಲ. ಬಾಗಿಲಿನ ಸಂಗತಿ ಊರಿಗೆಲ್ಲ ಮೊದಲೇ ಗೊತ್ತಿತ್ತು ಎಂದು ಆಗ ತಿಳಿಯಿತು.

ಪುಕ್ಕಲಿಯನ್ನು ಬಿಟ್ಟು ಧೈರ್ಯವಂತನನ್ನು ಯಾಕೆ ಸಾವಿಗೆ ಕೊಟ್ಟೆ ಎಂದು ನಾಲ್ಕು ದಿನ ಪಟದ ಮುಂದೆ ಕೂತು ಕೇಳಿದೆ. ಐದನೆಯ ದಿನ ಸುಳಿಗೆ ಇನ್ನೊಬ್ಬ ಬಂದ. ಉದ್ದನೆಯ ಹಗ್ಗ ಹುಡುಕಿಕೊಂಡು ಹೋದೆ. ಎಡಗಾಲಿನಲ್ಲಿ ಗುರುತು ಇರಲಿಲ್ಲ.

ಒಬ್ದೂಲಿಯಾ

•

ಕಾಲಿ ನಗರ
4 ನವೆಂಬರ್ 2001

ಸಾಕು. ಅಲ್ಲಿಂದ ಹೊರಟು ಬಂದುಬಿಡು. ನನ್ನ ಕೋಣೆ ಚಿಕ್ಕದು, ಚಾಪೆ ಹಾಸಿದರೆ ಇಬ್ಬರಿಗೆ ಆಗುತ್ತದೆ. ಮಾತಾಡಬೇಕಾಗಿಲ್ಲ.

ಇಷ್ಟು ಬರೆದು ಮೂರು ದಿನ ಇಟ್ಟುಕೊಂಡೆ. ನೀನು ಬರುವುದಿಲ್ಲ. ಹಾಗಾದರೆ ನಾನು ಬರುತ್ತೇನೆ, ಈ ತಿಂಗಳ ಕೊನೆಗೆ. ಎಲ್ವಿಯಾಳಿಗೆ ಮಗಳ ಗೋರಿ ತೋರಿಸಬೇಕು, ಅದಕ್ಕೆ ಬರುತ್ತೇನೆ. ನಿನಗಾಗಿ ಎಂದು ತಿಳಿಯಬೇಡ.

ಫ್ಲೋರಾಲ್ಬಾ

•

ಕಾಲಿ ನಗರ
10 ಡಿಸೆಂಬರ್ 2001

ಅಕ್ಕಾ,

ಮೂರು ದಿನ ಒಂದೇ ಸೂರಿನ ಕೆಳಗಿದ್ದೆವು. ನೀನು ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ನೀನು ತಟ್ಟೆಗೆ ಹಾಕಿದ್ದನ್ನು ನಾನು ತಿನ್ನಲಿಲ್ಲ. ಎಡಿಲ್ಸನ್‌ನ ಹಾಸಿಗೆಯ ಮೇಲೆ ಮಲಗು ಎಂದು ನೀನು ಕೈಸನ್ನೆ ಮಾಡಿದೆ, ನಾನು ನೆಲದಲ್ಲಿ ಮಲಗಿದೆ. ಎಲ್ವಿಯಾ ನಿನ್ನ ಕಾಲಿಗೆ ಬೀಳಲು ಬಂದಾಗ ನೀನು ಓಡಿಹೋಗಿ ಅಡುಗೆಮನೆಯಲ್ಲಿ ಬಚ್ಚಿಟ್ಟುಕೊಂಡೆ. ಆಗ ನನಗೆ ನಗು ಬಂತು. ಅದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಮೂರನೆಯ ಬೆಳಿಗ್ಗೆ ನಡೆದದ್ದನ್ನು ನೀನು ಬಾಯಿ ಬಿಟ್ಟು ಹೇಳುವುದಿಲ್ಲ ಎಂದು ಗೊತ್ತು. ನಾನೇ ಬರೆಯುತ್ತೇನೆ.

ಸುಳಿಗೆ ಒಬ್ಬ ಮುದುಕ ಬಂದಿದ್ದ. ಎಲ್ವಿಯಾ ದಿಬ್ಬದ ಮೇಲೆ ಮಗಳ ಹತ್ತಿರ ಕೂತಿದ್ದಳು. ನೀನು ಸೊಂಟಕ್ಕೆ ಗಂಟು ಹಾಕಿಕೊಂಡು ಇನ್ನೊಂದು ತುದಿಯನ್ನು ನನ್ನ ಕೈಯಲ್ಲಿಟ್ಟೆ. ನೀರಿಗಿಳಿದೆ. ಮೊಣಕಾಲು, ಸೊಂಟ, ಎದೆ. ನಿನ್ನ ಬೆನ್ನು ಮಾತ್ರ ಕಾಣುತ್ತಿತ್ತು, ನಡುಗುತ್ತಿತ್ತು. ಈಗ ಬಿಟ್ಟರೆ ಸಾಕು ಎಂದುಕೊಂಡೆ. ಯಾರೂ ನೋಡುತ್ತಿರಲಿಲ್ಲ. ಹಗ್ಗ ಜಾರಿತು ಎಂದರೆ ಎಲ್ಲರೂ ನಂಬುತ್ತಿದ್ದರು. ನೀನು ಕತ್ತಿನವರೆಗೆ ನೀರಿನಲ್ಲಿದ್ದಾಗ ನಾನು ಬಿಟ್ಟೆ. ಒಂದು ಮಾರು ಬಿಟ್ಟೆ. ಹಗ್ಗ ಕೈಯಿಂದ ಸರಸರ ಹೋಗುತ್ತಿತ್ತು, ಹೋಗಲಿ ಎಂದು ನೋಡುತ್ತಾ ನಿಂತಿದ್ದೆ.

ಆಮೇಲೆ ಹಿಡಿದೆ. ಯಾಕೆ ಹಿಡಿದೆನೋ ಗೊತ್ತಿಲ್ಲ. ಅಂಗೈ ಸುಲಿದಿದೆ, ಇಸ್ತ್ರಿಪೆಟ್ಟಿಗೆ ಹಿಡಿಯಲು ಆಗುತ್ತಿಲ್ಲ.

ನಿನ್ನನ್ನು ಕ್ಷಮಿಸಿದೆ ಎಂದು ತಿಳಿದುಕೊಳ್ಳಬೇಡ. ಕ್ಷಮಿಸಿಲ್ಲ. ಆದರೆ ಕೈ ಏಳಲಿಲ್ಲ ಎಂದು ಬರೆದಿದ್ದೆಯಲ್ಲ, ಅದು ಸುಳ್ಳು ಎಂದು ಇಷ್ಟು ದಿನ ಅಂದುಕೊಂಡಿದ್ದೆ. ಕೈ ಹೇಗೆ ಬೇರೆಯವರದಾಗುತ್ತದೆ ಎಂದು ಈಗ ನನಗೂ ಗೊತ್ತು.

ಫ್ಲೋರಾಲ್ಬಾ

•

ರೆಮೊಲಿನೊ
7 ಜನವರಿ 2002

ತಂಗೀ,

ಅಂಗೈಗೆ ಹಂದಿಕೊಬ್ಬು ಹಚ್ಚು, ಬಟ್ಟೆ ಸುತ್ತು. ನೀರು ತಾಗಿಸಬೇಡ.

ಹಗ್ಗ ಸಡಿಲವಾದದ್ದು ನನಗೆ ಗೊತ್ತಾಯಿತು. ಸೊಂಟಕ್ಕೆ ಕಟ್ಟಿಕೊಂಡವಳಿಗೆ ಮೊದಲು ತಿಳಿಯುತ್ತದೆ. ತಿರುಗಿ ನೋಡಬಹುದಿತ್ತು. ನೋಡಿದರೆ ನಿನ್ನ ಮುಖ ಕಾಣುತ್ತಿತ್ತು. ಅಕ್ಕ ನನ್ನನ್ನು ನೋಡಿದಳು ಎಂಬುದನ್ನು ನೀನು ಬದುಕಿರುವವರೆಗೆ ಹೊತ್ತುಕೊಂಡು ತಿರುಗಬೇಕಾಗುತ್ತಿತ್ತು. ಅದು ಎಷ್ಟು ಭಾರ ಎಂದು ನನಗೆ ಗೊತ್ತು. ಅದಕ್ಕೆ ತಿರುಗಲಿಲ್ಲ.

ಪ್ರಾರ್ಥನೆ ಮಾಡಿದೆ. ನೀನು ಬೇಡ ಎಂದರೂ ಇದೊಂದನ್ನು ಬರೆಯುತ್ತೇನೆ. ನಾನು ಹುಟ್ಟಿದಾಗಿನಿಂದ ಅವನ ಹತ್ತಿರ ಕೇಳಿದ್ದು ಒಂದೇ: ನನ್ನನ್ನು ಕಾಪಾಡು. ಆವತ್ತು ಮೂಗಿನವರೆಗೆ ನೀರು ಬಂದಾಗ ಅದು ಬಾಯಿಗೆ ಬರಲಿಲ್ಲ. "ಇದನ್ನ ಅವಳ ಮೇಲೆ ಹಾಕ್ಬೇಡ," ಎಂಬುದು ಬಂತು. ಅಷ್ಟು ಹೇಳಿದಮೇಲೆ ನಡುಕ ನಿಂತಿತ್ತು. ನಿಂತದ್ದು ಅದೇ ಮೊದಲು. ಮನೆಗೆ ಬಂದಮೇಲೆ ಮತ್ತೆ ಶುರುವಾಯಿತು.

ಮುದುಕನನ್ನು ಯಾನೆತ್‌ಳ ಪಕ್ಕ ಹೂತಿದ್ದೇನೆ. ಈಗ ಹನ್ನೆರಡು ಮಂದಿಯಾದರು. ಎಡಿಲ್ಸನ್ ಬಂದಿಲ್ಲ.

ನಿನ್ನೆ ಮೂರು ರಾಯರ ಹಬ್ಬ. ಬೆಳಿಗ್ಗೆ ಒಬ್ಬ ಬಂದ. ಹೊಸ ಹಗ್ಗ ಸೀಬೆ ಮರಕ್ಕೆ ಕಟ್ಟುತ್ತಿದ್ದೆ. ಹಿಂದಿನಿಂದ ಯಾರೋ ಬಂದು ಗಂಟು ಬಿಚ್ಚಿದರು. ಪಾಸ್ತೋರಾ. ಶೋಕದ ಕಪ್ಪು ಉಡುಪು ಇನ್ನೂ ಬಿಟ್ಟಿಲ್ಲ. ನಾನು ಬಾಯಿ ತೆರೆದೆ.

"ಮಾತಾಡಿಸ್ಬೇಡ," ಎಂದಳು. "ನಿನ್ ಮುಖ ಕಂಡ್ರೆ ನಂಗಾಗಲ್ಲ. ಸಾಯೋವರ್ಗೂ ಆಗಲ್ಲ. ನೀರಲ್ಲಿರೋನು ಏನು ಪಾಪ ಮಾಡಿದ್ದಾನೆ? ಕಟ್ಕೋ."

ಕಟ್ಟಿಕೊಂಡೆ. ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿ ಕಲ್ಲಿಗೆ ಹಿಮ್ಮಡಿ ಒತ್ತಿ ನಿಂತಳು. ಅವಳ ಹಿಡಿತ ಅನ್ಸೆಲ್ಮೊನದಕ್ಕಿಂತ ಬಿಗಿ. ಸೊಂಟದ ಚರ್ಮ ಕಿತ್ತುಬಂದಿದೆ.

ನಿನ್ನ ಅಕ್ಕ
ಒಬ್ದೂಲಿಯಾ